ಮಿಗತೆ ಬಜೆಟ್ಟಿನ ಊರಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ಯಾಕೆ?

ಫೆಬ್ರುವರಿ ಮುಗಿದು ಮಾರ್ಚ್ ಹಿಡಿಯುವ ಹೊತ್ತಿಗೆ ಉಡುಪಿ ಜಿಲ್ಲೆಯ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಒಂದೇ ಅಚ್ಚಿನ ಸುದ್ದಿಗಳು ಸಾಲಾಗಿ ಬರುತ್ತವೆ. ಇಂಥ ಪುರಸಭೆಯಲ್ಲಿ ಇಷ್ಟು ಲಕ್ಷ ರೂಪಾಯಿ ಮಿಗತೆ ಬಜೆಟ್ ಮಂಡನೆ, ಅಂಥ ಪಟ್ಟಣ ಪಂಚಾಯತ್‌ನಲ್ಲಿ ಅಷ್ಟು ಲಕ್ಷದ ಉಳಿತಾಯ ಬಜೆಟ್. ಪಕ್ಕದಲ್ಲಿ ಅಧ್ಯಕ್ಷರು, ಮುಖ್ಯಾಧಿಕಾರಿ ಬಜೆಟ್ ಪುಸ್ತಕ ಹಿಡಿದು ನಿಂತ ಚಿತ್ರ. ಎರಡು ತಿಂಗಳು ಕಳೆದರೆ ಅದೇ ಪುಟದಲ್ಲಿ ಅದೇ ಊರಿನ ಇನ್ನೊಂದು ಚಿತ್ರ: ರಸ್ತೆ ಬದಿಯಲ್ಲಿ ಕೊಡಗಳ ಸಾಲು, ಟ್ಯಾಂಕರ್ ಬರುವ ದಿಕ್ಕಿಗೆ ಕಣ್ಣಿಟ್ಟು ನಿಂತ ಹೆಂಗಸರು. ಎರಡೂ ಸುದ್ದಿ ನಿಜವೇ. ಹಣ ಮಿಗುವ ಊರಲ್ಲಿ ನೀರಿಗೆ ತತ್ವಾರ ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಒಂದು ಸಾಲಿನದ್ದಲ್ಲ. ಆದರೆ ಅದು ಬಜೆಟ್ ಪುಸ್ತಕದೊಳಗೇ ಇದೆ, ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲು ಆ ‘ಮಿಗತೆ’ ಎಂಬ ಪದವನ್ನೇ ನೋಡೋಣ. ಸ್ಥಳೀಯ ಸಂಸ್ಥೆಗಳು ಕೇಂದ್ರ ಅಥವಾ ರಾಜ್ಯ ಸರಕಾರದ ಹಾಗೆ ಖೋತಾ ಬಜೆಟ್ ಮಂಡಿಸಿ, ಸಾಲ ಎತ್ತಿ ಕೊರತೆ ತುಂಬಿಕೊಳ್ಳುವ ಸಂಸ್ಥೆಗಳಲ್ಲ. ರಾಜ್ಯದ ಅನುಮತಿ ಇಲ್ಲದೆ ಅವು ಸಾಲ ಮಾಡುವ ಹಾಗಿಲ್ಲ. ಹಾಗಾಗಿ ಜಮೆಗಿಂತ ಖರ್ಚು ಹೆಚ್ಚು ತೋರಿಸುವ ಪ್ರಶ್ನೆಯೇ ಬಾರದು. ಎರಡನೆಯದು, ಬಜೆಟ್ಟಿನ ಮೊದಲ ಸಾಲಿನಲ್ಲಿ ‘ಆರಂಭ ಶಿಲ್ಕು’ ಎಂದಿರುತ್ತದಲ್ಲ, ಹಿಂದಿನ ವರ್ಷದಿಂದ ಬಂದ ಹಣ, ಅದರೊಳಗೆ ಏನೇನು ಸೇರಿದೆ ಎಂದು ಬಿಡಿಸಿ ನೋಡಬೇಕು. ಗುತ್ತಿಗೆದಾರರು ಇಟ್ಟ ಭದ್ರತಾ ಠೇವಣಿ ಅದರಲ್ಲಿದೆ. ಮಳಿಗೆ ಬಾಡಿಗೆದಾರರ ಮುಂಗಡ ಇದೆ. ಕುಡಿಯುವ ನೀರಿಗೆಂದೇ ಬಂದು, ಟೆಂಡರ್ ಆಗದೆ ಉಳಿದ ಅನುದಾನ ಇದೆ. ಜನರಿಂದ ವಸೂಲಿ ಮಾಡಿ ಬೇರೆ ಇಲಾಖೆಗೆ ಕಟ್ಟಬೇಕಾದ ಉಪಕರವೂ ಇದೆ. ಇವೆಲ್ಲ ಪಟ್ಟಣದ ಬ್ಯಾಂಕ್ ಖಾತೆಯಲ್ಲಿರುವ ಹಣವೇ ಹೊರತು ಪಟ್ಟಣ ತನಗೆ ಬೇಕಾದಂತೆ ಬಳಸಬಹುದಾದ ಹಣವಲ್ಲ. ಮಿಗತೆಯ ಅಂಕಿಯಲ್ಲಿ ದೊಡ್ಡ ಪಾಲು ಇಂಥದ್ದೇ ಆಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಎಷ್ಟೋ ಸಲ ಮಿಗತೆ ಅಂದರೆ ಮಾಡಬೇಕಿದ್ದ ಕೆಲಸ ಆಗಲಿಲ್ಲ ಎಂದೇ ಅರ್ಥ.

ಹಾಗಾಗಿ ಬಜೆಟ್ಟಿನ ಒಟ್ಟು ಗಾತ್ರವನ್ನು ಪಕ್ಕಕ್ಕಿಟ್ಟು, ಹಣ ಯಾವ ಬಣ್ಣದ್ದು ಎಂದು ಕೇಳಬೇಕು.

ಕೇಂದ್ರ ಹಣಕಾಸು ಆಯೋಗದ ಅನುದಾನ ಒಂದು ಬಣ್ಣ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಹಳ್ಳಿಗೂ ಸಣ್ಣ ಪಟ್ಟಣಕ್ಕೂ ಶೇ. 60 ‘ನಿರ್ಬಂಧಿತ’ವಾಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿನಂಥ ಕೆಲಸಕ್ಕೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಮಾತ್ರ ಊರಿನ ಅಗತ್ಯಕ್ಕೆ ತಕ್ಕಂತೆ, ಅದೂ ಸಂಬಳಕ್ಕೆ ಬಳಸುವಂತಿರಲಿಲ್ಲ. ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ ಇನ್ನೊಂದು ಬಣ್ಣ. ಕಚೇರಿಯಲ್ಲಿ ಎಲ್ಲರೂ ಎಸ್‌ಎಫ್‌ಸಿ ಎಂದೇ ಕರೆಯುವ ಇದರಲ್ಲಿ ವೇತನಕ್ಕೆ ಒಂದು ಪಾಲು, ವಿದ್ಯುತ್ ಬಿಲ್ಲಿಗೆ ಒಂದು ಪಾಲು, ‘ಮುಕ್ತನಿಧಿ’ ಎಂಬ ಸಣ್ಣ ಪಾಲು ಬೇರೆ ಬೇರೆಯಾಗಿಯೇ ಬರುತ್ತವೆ. ದಾರಿದೀಪ ಮತ್ತು ನೀರಿನ ಪಂಪಿನ ಬಿಲ್ಲು ಮೆಸ್ಕಾಂಗೆ ಹೋಗಲೇಬೇಕು. ಮುಕ್ತನಿಧಿಯಲ್ಲೂ, ಸ್ವಂತ ಆದಾಯದಲ್ಲೂ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಈ ಮೀಸಲು ಇರಲೇಬೇಕು. ಕಾಲೊನಿಯ ರಸ್ತೆ, ಅಂಗವಿಕಲರ ತ್ರಿಚಕ್ರ ವಾಹನ, ಬಡ ವಿದ್ಯಾರ್ಥಿಯ ಶುಲ್ಕ ಇವು ಇಂಥ ನಿಯಮ ಇಲ್ಲದಿದ್ದರೆ ಕೊನೆಯ ಸಾಲಿಗೆ ಹೋಗುತ್ತಿದ್ದವು ಎಂಬುದು ನಮ್ಮೂರಿನ ಅನುಭವವೇ ಹೇಳುತ್ತದೆ.

ಮೂರನೆಯ ಬಣ್ಣ ಸ್ವಂತ ಆದಾಯ. ಮನೆತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ, ಅಂಗಡಿ ಮಳಿಗೆಯ ಬಾಡಿಗೆ, ಸಂತೆಯ ಸುಂಕ, ಮೀನು ಮಾರುಕಟ್ಟೆಯ ಏಲಂ, ಕಟ್ಟಡ ಪರವಾನಗಿ ಶುಲ್ಕ, ಕಸದ ಶುಲ್ಕ. ರಾತ್ರಿ ಪೈಪು ಒಡೆದರೆ ಬೆಳಗ್ಗೆ ಸರಿ ಮಾಡಿಸಲು, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಲು, ಟಿಪ್ಪರ್‌ಗೆ ಡೀಸೆಲ್ ಹಾಕಿಸಲು, ಮಳೆಗಾಲಕ್ಕೆ ಮೊದಲು ಚರಂಡಿ ಹೂಳು ತೆಗೆಸಲು ಕೈಗೆ ಸಿಗುವ ಹಣ ಇದೊಂದೇ. ನನ್ನ ಮಟ್ಟಿಗೆ ಒಂದು ಪಟ್ಟಣದ ನಿಜವಾದ ಬಜೆಟ್ ಅಂದರೆ ಈ ಮೂರನೆಯ ಬಣ್ಣದ ಹಣ ಮತ್ತು ಅದರ ಮೇಲೆ ಕೂತಿರುವ ಖಾಯಂ ಖರ್ಚು. ಉಳಿದದ್ದೆಲ್ಲ ಮೇಲಿನವರು ಬರೆದು ಕಳಿಸಿದ ಪಟ್ಟಿ.

ಆದರೆ ಈ ಸ್ವಂತ ಆದಾಯದ ಗಂಗೆಯನ್ನು ನಾವೇ ಒಂದೊಂದಾಗಿ ಕಟ್ಟಿ ಹಾಕುತ್ತಾ ಬಂದಿದ್ದೇವೆ. ಹಿರಿಯರಿಗೆ ಆಕ್ಟ್ರಾಯ್ ನಾಕಾ ನೆನಪಿರಬಹುದು. ಪೇಟೆಯ ಬಾಗಿಲಲ್ಲಿ ಲಾರಿ ನಿಲ್ಲಿಸಿ ಸುಂಕ ಕಟ್ಟಿಸುತ್ತಿದ್ದರು. ಅದರಿಂದ ವ್ಯಾಪಾರಕ್ಕೆ ತೊಂದರೆ, ಭ್ರಷ್ಟಾಚಾರ ಎಲ್ಲ ಇತ್ತು, ಕರ್ನಾಟಕ 1979ರಲ್ಲಿ ಅದನ್ನು ರದ್ದು ಮಾಡಿತು. ಸುಂಕ ಹೋದ ಜಾಗಕ್ಕೆ ರಾಜ್ಯದ ಅನುದಾನ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತಿನ ಮೇಲಿನ ತೆರಿಗೆಯೂ ಅದರೊಳಗೆ ಸೇರಿಹೋಯಿತು. ವೃತ್ತಿ ತೆರಿಗೆ ರಾಜ್ಯಕ್ಕೆ, ವಾಹನ ತೆರಿಗೆ ರಾಜ್ಯಕ್ಕೆ, ಜಾಗ ಮಾರಿದ ಮುದ್ರಾಂಕ ಶುಲ್ಕ ರಾಜ್ಯಕ್ಕೆ, ಬಾರಿನ ಅಬಕಾರಿ ಸುಂಕ ರಾಜ್ಯಕ್ಕೆ. ಬಾರಿನ ಹೊರಗೆ ಚರಂಡಿಯಲ್ಲಿ ಬಿದ್ದ ಬಾಟಲಿ ಮಾತ್ರ ಪಟ್ಟಣಕ್ಕೆ. ಊರು ಬೆಳೆದಂತೆ ತಾನೇ ತಾನಾಗಿ ಬೆಳೆಯುವ ತೆರಿಗೆಗಳೆಲ್ಲ ಮೇಲಕ್ಕೆ ಹೋದವು. ಸದಸ್ಯರು ಜನರ ಮುಖ ನೋಡಿ ಏರಿಸಲು ಹಿಂಜರಿಯುವ ಮನೆತೆರಿಗೆಯೊಂದು ಕೆಳಗೆ ಉಳಿಯಿತು.

ಮನೆತೆರಿಗೆಯಲ್ಲೂ ನಾವು ಕೌಂಟರಿನಲ್ಲಿ ಕಟ್ಟುವ ಮೊತ್ತ ಪೂರ್ತಿ ಊರಿಗೆ ಉಳಿಯುವುದಿಲ್ಲ. ರಶೀದಿಯನ್ನು ಸರಿಯಾಗಿ ನೋಡಿ. ತೆರಿಗೆಯ ಕೆಳಗೆ ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ಎಂದು ಸಾಲುಗಳಿರುತ್ತವೆ. ಅವು ಆಯಾ ಇಲಾಖೆಗೆ ಹೋಗಬೇಕಾದವು. ಗ್ರಂಥಾಲಯಕ್ಕೆ ಕೊಟ್ಟ ಹಣದ ಬಗ್ಗೆ ನನಗೆ ತಕರಾರಿಲ್ಲ, ಓದುವ ಜನರಿರುವ ಜಿಲ್ಲೆ ಇದು. ಆದರೆ ಆ ಹಣ ಕಟ್ಟಬೇಕಾದಲ್ಲಿಗೆ ಕಟ್ಟಿಯಾಯಿತೇ, ಅಥವಾ ಶಿಲ್ಕಿನಲ್ಲಿ ಕೂತು ಮಿಗತೆಯಾಗಿ ಹೊಳೆಯುತ್ತಿದೆಯೇ ಎಂದು ಸಭೆಯಲ್ಲಿ ಯಾರಾದರೂ ಕೇಳಬೇಕು.

ಲೆಕ್ಕ ಹಿಡಿದು ನೋಡಿದರೆ ವಿಷಯ ತಿಳಿಯಾಗುತ್ತದೆ. ಒಂದು ಊಹೆಯ ಪಟ್ಟಣ ಇಟ್ಟುಕೊಳ್ಳೋಣ, ಅಂಕಿಗಳೆಲ್ಲ ಲೆಕ್ಕ ತಿಳಿಯಲಿಕ್ಕೆ ಮಾತ್ರ. 15 ಸಾವಿರ ಜನ, 4,000 ಮನೆ. ಮನೆಗೆ ವರ್ಷಕ್ಕೆ ಸರಾಸರಿ 1,200 ರೂಪಾಯಿ ತೆರಿಗೆ ಎಂದಾದರೆ ಬೇಡಿಕೆ 48 ಲಕ್ಷ. ನಾಲ್ಕರಲ್ಲಿ ಮೂರು ಮನೆಯವರು ಕಟ್ಟಿದರು ಎನ್ನೋಣ, ಕೈಗೆ ಬಂದದ್ದು 36 ಲಕ್ಷ. ಈಗ ಕಸದ ಕಡೆ ಬನ್ನಿ. ಮೂರು ಟಿಪ್ಪರ್, ಒಂದೊಂದಕ್ಕೆ ಚಾಲಕ ಮತ್ತು ಇಬ್ಬರು ಲೋಡರ್, ಒಟ್ಟು ಒಂಬತ್ತು ಜನ. ತಲೆಗೆ ತಿಂಗಳಿಗೆ 17 ಸಾವಿರ ಹಿಡಿದರೆ ವರ್ಷಕ್ಕೆ 18 ಲಕ್ಷ ದಾಟುತ್ತದೆ. ಡೀಸೆಲ್, ಟೈರು, ವಿಮೆ, ರಿಪೇರಿ ಸೇರಿ ಇನ್ನೊಂದು ಒಂಬತ್ತು ಲಕ್ಷ ಹಿಡಿಯಿರಿ. ಒಟ್ಟು 27 ಲಕ್ಷ. ಮನೆಗೆ ತಿಂಗಳಿಗೆ 50 ರೂಪಾಯಿ ಕಸದ ಶುಲ್ಕ ಎಲ್ಲರೂ ಕೊಟ್ಟರೆ 24 ಲಕ್ಷ ಬರಬೇಕು, ನೂರರಲ್ಲಿ ಅರವತ್ತು ಮನೆ ಕೊಟ್ಟರೆ 14 ಲಕ್ಷ ಚಿಲ್ಲರೆ. ಉಳಿದ 12–13 ಲಕ್ಷ ಎಲ್ಲಿಂದ? ಮನೆತೆರಿಗೆಯಿಂದ. ಅಂದರೆ ಕಸ ಎತ್ತುವುದರಲ್ಲೇ ಮನೆತೆರಿಗೆಯ ಮೂರನೇ ಒಂದು ಪಾಲು ಹೋಯಿತು. ಇನ್ನೂ ನೀರಿನ ಪಂಪ್ ರಿಪೇರಿ, ಹೊರಗುತ್ತಿಗೆ ಡಾಟಾ ಎಂಟ್ರಿಯವರ ಸಂಬಳ, ವಾಲ್ವ್ ತಿರುಗಿಸುವವರ ಸಂಬಳ, ಕಚೇರಿಯ ಖರ್ಚು, ಕೋರ್ಟ್ ಕೇಸಿನ ಖರ್ಚು ಬಾಕಿ ಇವೆ. ಉಳಿದ ಹಣದಲ್ಲಿ ಒಂದು ಕಿಲೋಮೀಟರ್ ಕಾಂಕ್ರೀಟ್ ರಸ್ತೆಯೂ ಆಗದು. ಕಟ್ಟದೆ ಉಳಿದ ಕಾಲು ಭಾಗ ಮನೆಯವರಿಂದ ಬರಬೇಕಿದ್ದ 12 ಲಕ್ಷ ಇದ್ದಿದ್ದರೆ ಕಸದ ಕೊರತೆ ಹೆಚ್ಚು ಕಡಿಮೆ ಅಲ್ಲಿಗೇ ತೀರುತ್ತಿತ್ತು ಎಂಬುದನ್ನೂ ಗಮನಿಸಿ.

ಕರಾವಳಿಯ ಪಟ್ಟಣಕ್ಕೆ ಇನ್ನೊಂದು ಕಷ್ಟ ಇದೆ, ಬಯಲುಸೀಮೆಯಲ್ಲಿ ಕೂತು ನಿಯಮ ಬರೆಯುವವರಿಗೆ ಅದು ತಟ್ಟನೆ ಹೊಳೆಯುವುದಿಲ್ಲ. ಅಲ್ಲಿಯ ಊರಲ್ಲಿ ಮನೆಗೆ ಮನೆ ತಾಗಿ ಬೀದಿಗಳಿರುತ್ತವೆ, ಹೊರಗೆ ಹೊಲ. ನಮ್ಮಲ್ಲಿ ಹಾಗಿಲ್ಲ. ಗದ್ದೆ, ತೋಟ, ಹಾಡಿ, ನಡುವೆ ಒಂದೊಂದು ಮನೆ, ಪ್ರತಿ ಮನೆಗೂ ಅದರದೇ ಕಂಪೌಂಡು, ಅದರದೇ ಬಾವಿ, ಅದರದೇ ಓಣಿ. ಸಾಲಿಗ್ರಾಮದಿಂದ ಕೋಟದ ಕಡೆಗೋ ಕಾಪುವಿನಿಂದ ಮಲ್ಲಾರಿನ ಕಡೆಗೋ ಹೋಗಿ ನೋಡಿ, ಊರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗದು. ನೂರು ಮನೆಗೆ ಪೈಪ್ ಹಾಕಲು ಬಯಲುಸೀಮೆಯಲ್ಲಿ ಒಂದು ಬೀದಿ ಅಗೆದರೆ ಸಾಕು. ಇಲ್ಲಿ ಮುರಕಲ್ಲು ಕಡಿಯುತ್ತಾ ಕಿಲೋಮೀಟರ್‌ಗಟ್ಟಲೆ ಹೋಗಬೇಕು. ದಾರಿದೀಪದ ಕಂಬ, ಟಿಪ್ಪರ್‌ನ ಓಡಾಟ, ರಸ್ತೆಯ ಡಾಮರು ಎಲ್ಲದಕ್ಕೂ ಇದೇ ಲೆಕ್ಕ. ಅನುದಾನ ಬರುವುದು ಬಹುಪಾಲು ತಲೆಲೆಕ್ಕದಲ್ಲಿ, ಅದೂ 2011ರ ಜನಗಣತಿಯ ತಲೆಲೆಕ್ಕದಲ್ಲಿ. ಖರ್ಚು ಬರುವುದು ಉದ್ದದ ಲೆಕ್ಕದಲ್ಲಿ. ಇದರ ಮೇಲೆ, ಬೀಗ ಹಾಕಿದ ಮನೆಗಳು ಬೇರೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವವರು ಕಟ್ಟಿಸಿದ ದೊಡ್ಡ ಮನೆ, ವರ್ಷಕ್ಕೆ ಹದಿನೈದು ದಿನ ದೀಪ ಉರಿಯುತ್ತದೆ. ಅವರು ತೆರಿಗೆ ಕಟ್ಟಲು ಮನಸ್ಸಿಲ್ಲದವರಲ್ಲ, ಬಿಲ್ ಕಲೆಕ್ಟರ್ ಗೇಟಿನ ಹತ್ತಿರ ಹೋದರೆ ಕೈಗೆ ನೋಟಿಸ್ ತೆಗೆದುಕೊಳ್ಳುವವರೇ ಇರುವುದಿಲ್ಲ. ಅವರು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮದುವೆ, ಕೋಲ, ಜಾತ್ರೆಗೆ. ಊರಿನಲ್ಲಿ ನೀರು ಅತಿ ಕಡಿಮೆ ಇರುವ, ಕಸ ಅತಿ ಹೆಚ್ಚು ಬೀಳುವ ತಿಂಗಳೂ ಅದೇ.

ಕೊಲ್ಲೂರಿನಂಥ ಕ್ಷೇತ್ರದ ಗ್ರಾಮ ಪಂಚಾಯತ್‌ನ ಪಾಡು ಇನ್ನೂ ಕಷ್ಟದ್ದು. ಅನುದಾನ ಅಲ್ಲಿ ವಾಸವಿರುವವರ ಲೆಕ್ಕದಲ್ಲಿ, ಕಸ ಮತ್ತು ಶೌಚದ ನೀರು ಯಾತ್ರಿಕರ ಲೆಕ್ಕದಲ್ಲಿ.

ಹಳ್ಳಿ ಪಟ್ಟಣವಾದಾಗ

ಇಷ್ಟೆಲ್ಲ ಕಷ್ಟ ಇರುವಾಗಲೂ ಊರನ್ನು ‘ಮೇಲ್ದರ್ಜೆಗೆ’ ಏರಿಸಬೇಕೆಂಬ ಉತ್ಸಾಹಕ್ಕೆ ಕಡಿಮೆ ಇಲ್ಲ. ಕಾಪು, ಉಳಿಯಾರಗೋಳಿ, ಮಲ್ಲಾರು ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ 2015ರಲ್ಲಿ ಕಾಪು ಪುರಸಭೆಯಾಯಿತು. ಅದಾದ ಮೇಲೆ ಬೈಂದೂರು ಪಟ್ಟಣ ಪಂಚಾಯತ್ ಆಯಿತು. ಬ್ರಹ್ಮಾವರದ ಬಗ್ಗೆಯೂ ವರ್ಷಗಟ್ಟಲೆ ಮಾತು ನಡೆಯಿತು. ದರ್ಜೆ ಏರಿದರೆ ಹೆಚ್ಚು ಅನುದಾನ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ಬೈಂದೂರಿನಲ್ಲಿ ಆದದ್ದನ್ನು ನೋಡಿದರೆ ಈ ನಂಬಿಕೆಯನ್ನು ಇನ್ನೊಮ್ಮೆ ತೂಗಬೇಕೆನಿಸುತ್ತದೆ. ಹೆದ್ದಾರಿ ಬದಿಯ ಪೇಟೆಯ ಜೊತೆಗೆ ಯಡ್ತರೆ, ಪಡುವರಿಯಂಥ ಕೃಷಿಯ ಊರುಗಳೂ ಪಟ್ಟಣದೊಳಗೆ ಬಂದವು. 2025ರಲ್ಲಿ ಅಲ್ಲಿಯ ರೈತರು ‘ನಮ್ಮನ್ನು ಪಟ್ಟಣದಿಂದ ಕೈಬಿಡಿ’ ಎಂದು ದಿನಗಟ್ಟಲೆ ಧರಣಿ ಕೂತರು. ಅಭಿವೃದ್ಧಿ ಬೇಡವೆಂದು ಹಟ ಹಿಡಿದವರಲ್ಲ ಅವರು. ಕಾಗದದ ಮೇಲೆ ಒಂದು ಶಬ್ದ ಬದಲಾದಾಗ ತಮ್ಮ ಕೈಯಿಂದ ಏನೇನು ಜಾರಿತು ಎಂದು ಲೆಕ್ಕ ಹಾಕಿದವರು.

ಜಾರಿದ್ದೇನು? ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ. ಬಾವಿ ತೋಡುವುದು, ದನದ ಕೊಟ್ಟಿಗೆ, ಅಡಿಕೆ ಗುಂಡಿ, ತೋಡಿನ ಹೂಳು ತೆಗೆಯುವುದು, ಬಚ್ಚಲು ಗುಂಡಿ ಹೀಗೆ ಆ ಯೋಜನೆಯಲ್ಲಿ ಆಗುತ್ತಿದ್ದ ಕೆಲಸವೆಲ್ಲ ನಿಂತಿತು. ಗ್ರಾಮ ಪಂಚಾಯತ್ ತನ್ನ ಸ್ವಂತ ಹಣ ಮುಟ್ಟದೆ ಮಾಡಿಸುತ್ತಿದ್ದ ಕೆಲಸಗಳವು. ಪಟ್ಟಣವಾದ ಮೇಲೆ ಅದೇ ತೋಡಿನ ಹೂಳು ತೆಗೆಯಬೇಕೆಂದರೆ ಆ ಮೂರನೆಯ ಬಣ್ಣದ ಹಣವೇ ಬೇಕು. ಸರಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮಕ್ಕೆ ಹಳ್ಳಿಯಲ್ಲಿ ಭೂಕಂದಾಯ ಕಾಯ್ದೆಯ 94ಸಿ ಕಲಂ, ಪಟ್ಟಣದಲ್ಲಿ 94ಸಿಸಿ. ನಿಯಮ ಬೇರೆ, ಕೊಡುವ ಜಾಗದ ಅಳತೆ ಬೇರೆ. ಅಕ್ರಮ-ಸಕ್ರಮದಲ್ಲಿ ಸಾಗುವಳಿ ಭೂಮಿ ಸಿಗಲು ಪಟ್ಟಣದ ಗಡಿಯಿಂದ ದೂರ ಎಷ್ಟು ಎಂಬ ಲೆಕ್ಕ ಬರುತ್ತದೆ. ಗದ್ದೆಯ ನಡುವೆ ಮನೆ ಕಟ್ಟುವವನಿಗೂ ಪೇಟೆಯ ನಿಯಮದ ನಕ್ಷೆ, ಶುಲ್ಕ. ಮನೆತೆರಿಗೆ ಏರಿತು ಎಂಬ ದೂರಂತೂ ಬಾಯಿಂದ ಬಾಯಿಗೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳದ್ದು, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಗ್ರಾಮ ಪಂಚಾಯತ್‌ನಲ್ಲಿ 400 ಜನಕ್ಕೆ ಒಬ್ಬ ಸದಸ್ಯ. 15 ಸಾವಿರ ಜನರಿಗೆ ಮೂವತ್ತೇಳು ಸದಸ್ಯರ ಲೆಕ್ಕ. ಸಾಲಿಗ್ರಾಮ ಪಟ್ಟಣ ಪಂಚಾಯತ್‌ನಲ್ಲಿ ಇರುವುದು 16 ವಾರ್ಡು. ಗ್ರಾಮದಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಕಾನೂನಿನ ಕಡ್ಡಾಯ. ವರ್ಷಕ್ಕೊಮ್ಮೆ ಜಮಾಬಂದಿ ಇದೆ, ಹೊರಗಿನ ಅಧಿಕಾರಿ ಬಂದು ಜನರೆದುರು ಲೆಕ್ಕಪುಸ್ತಕ ಬಿಡಿಸುತ್ತಾರೆ, ಕಾಮಗಾರಿಯ ಜಾಗಕ್ಕೆ ಹೋಗಿ ನೋಡುತ್ತಾರೆ. ಅದು ಎಷ್ಟೋ ಕಡೆ ಕಾಟಾಚಾರವಾಗಿದೆ ನಿಜ. ಆದರೂ ಒಬ್ಬ ಕೂಲಿ ಹೆಂಗಸಿಗೆ ಮೈಕ್ ಹಿಡಿದು ‘ನಮ್ಮ ಮನೆ ಹತ್ತಿರದ ಮೋರಿಗೆ ಎಷ್ಟು ಬಿಲ್ ಮಾಡಿದ್ದೀರಿ’ ಎಂದು ಕೇಳುವ ಹಕ್ಕು ಅಲ್ಲಿದೆ. ಪಟ್ಟಣವಾದ ಮರುದಿನ ಆ ಸಭೆ ಇಲ್ಲ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಉಡುಪಿ ಜಿಲ್ಲೆಯಲ್ಲಿ ಅಷ್ಟು ದೊಡ್ಡ ನಗರವೇ ಇಲ್ಲ. ಹಳ್ಳಿಯವರಿಗೆ ಗ್ರಾಮಸಭೆ ಇದೆ, ಮಹಾನಗರದವರಿಗೆ ವಾರ್ಡ್ ಸಮಿತಿ ಇದೆ, ನಡುವಿನ ಸಣ್ಣ ಪಟ್ಟಣದವರಿಗೆ ಎರಡೂ ಇಲ್ಲ. ಬಜೆಟ್‌ಗೆ ಮೊದಲು ನಡೆಯುವ ಪೂರ್ವಭಾವಿ ಸಭೆ ಒಂದೇ ದಾರಿ.

ಅದರ ಮೇಲೆ, ಚುನಾಯಿತರೇ ಇಲ್ಲದ ಕಾಲವೂ ನಮ್ಮಲ್ಲಿ ಕಡಿಮೆಯಲ್ಲ. ಉಡುಪಿ ನಗರಸಭೆ, ಸಾಲಿಗ್ರಾಮ ಪಟ್ಟಣ ಪಂಚಾಯತ್‌ಗಳಿಗೆ 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದು ಗೆದ್ದವರ ಪಟ್ಟಿ ಬಂತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿ, ಆಡಳಿತ ಮಂಡಳಿ ಕೂರುವಾಗ 2020 ಮುಗಿಯುತ್ತಾ ಬಂದಿತ್ತು. ಗೆದ್ದವರು ಎರಡು ವರ್ಷ ಸದಸ್ಯರಾಗಿಯೂ ಸದಸ್ಯರಾಗಲಿಲ್ಲ. ಆ ಎರಡು ವರ್ಷದ ಬಜೆಟ್ ಆಡಳಿತಾಧಿಕಾರಿಯ ಸಹಿಯಲ್ಲಿ ಹೋಯಿತು. ಮಂಗಳೂರು ಮಹಾನಗರ ಪಾಲಿಕೆಯ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿದ ಮೇಲೂ ಚುನಾವಣೆ ಸಮಯಕ್ಕೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಕೆಲಸ ಮಾಡುವುದಿಲ್ಲ ಎನ್ನುತ್ತಿಲ್ಲ, ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಸ್ವಂತ ಆದಾಯ ಏರಿಸುವ ಕೆಲಸಕ್ಕೆ ಊರಿನವರ ಒಪ್ಪಿಗೆ ಬೇಕು, ಮನೆಮನೆಗೆ ಹೋಗಿ ‘ಐವತ್ತು ರೂಪಾಯಿ ಯಾಕೆ’ ಎಂದು ಹೇಳುವವರು ಬೇಕು. ಎರಡು ಮೂರು ಚಾರ್ಜ್ ಒಟ್ಟಿಗೆ ನೋಡಿಕೊಳ್ಳುವ ಅಧಿಕಾರಿಯಿಂದ ಅದು ಆಗುವುದಲ್ಲ.

ನೀರು, ಕಸ

ಪಟ್ಟಣವಾದ ಊರಿನಲ್ಲಿ ನೀರಿನ ಲೆಕ್ಕ ವಿಚಿತ್ರ ತಿರುವು ಪಡೆಯುತ್ತದೆ. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಟ್ಟರೆ ಗುರಿ ಮುಟ್ಟಿದಂತೆ. ನಗರದ ಮಾನದಂಡ 135 ಲೀಟರ್. ಅದೇ ಮನೆ, ಅದೇ ಬಾವಿ, ಅದೇ ಜನ. ಅಧಿಸೂಚನೆ ಹೊರಟ ದಿನ ಅವರ ಅಗತ್ಯ ಕಾಗದದಲ್ಲಿ ಎರಡೂವರೆ ಪಟ್ಟಾಗುತ್ತದೆ, ಜಲಜೀವನದ ಹಣ ನಿಲ್ಲುತ್ತದೆ, 2021ರಲ್ಲಿ ಶುರುವಾದ ಅಮೃತ್ 2.0ರಂಥ ನಗರ ಯೋಜನೆಯ ಸರದಿಯಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. ಯೋಜನೆ ಬಂದು ಟ್ಯಾಂಕು ಕಟ್ಟಿದ ಮೇಲೂ ಅದನ್ನು ನಡೆಸುವ ಖರ್ಚು ಪಟ್ಟಣದ್ದೇ. ಕಟ್ಟಲು ಕೋಟಿ ಸಿಗುತ್ತದೆ, ಮೋಟಾರ್ ಸುಟ್ಟರೆ ರೀವೈಂಡಿಂಗ್‌ಗೆ ಸಾವಿರ ಸಿಗುವುದಿಲ್ಲ ಎಂದು ನೀರಿನ ವಿಭಾಗದವರು ಹೇಳುವುದು ಇದನ್ನೇ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಮುರಕಲ್ಲಿನ ನೆಲ ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಡುತ್ತದೆ. ಮಾರ್ಚ್ ದಾಟುವಾಗ ಎತ್ತರದ ಬಾವಿ ಬತ್ತುತ್ತದೆ, ಕಡಲ ಬದಿಯ ಬಾವಿಗೆ ಉಪ್ಪು ಏರುತ್ತದೆ. ಉಡುಪಿ ನಗರಕ್ಕಾದರೆ ಸ್ವರ್ಣೆಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟು ಇದೆ, ಅದು ಸಾಲದೆಂದು ವಾರಾಹಿಯಿಂದ ನೀರು ತರುವ ಯೋಜನೆ ಮಾಡಿದರು. ಸಣ್ಣ ಪಟ್ಟಣಕ್ಕೆ ಅಂಥದ್ದು ಬರುವವರೆಗೆ ಉಳಿದದ್ದು ತೆರೆದ ಬಾವಿ, ಬೋರ್‌ವೆಲ್, ಟ್ಯಾಂಕರ್. ಟ್ಯಾಂಕರ್‌ಗೆ ಖರ್ಚು ಮಾಡಿದ ಹಣ ಮಳೆ ಬಂದ ಮೇಲೆ ಏನನ್ನೂ ಉಳಿಸಿ ಹೋಗುವುದಿಲ್ಲ. ಅದೇ ಹಣ ಕೆರೆ, ಮದಗದ ಹೂಳಿಗೆ ನವೆಂಬರಿನಲ್ಲೇ ಹೋಗಿದ್ದರೆ ಮೇ ತಿಂಗಳ ಬಾವಿಯಲ್ಲಿ ಎರಡು ಕೊಡ ಹೆಚ್ಚು ಸಿಗುತ್ತಿತ್ತು. ಹಾಗೆ ಆಗದಿರುವುದಕ್ಕೆ ನಿರ್ಲಕ್ಷ್ಯ ಮಾತ್ರ ಕಾರಣವಲ್ಲ: ಟ್ಯಾಂಕರ್ ತರಿಸುವ ಹಣಕ್ಕೆ ‘ತುರ್ತು’ ಎಂಬ ದಾರಿ ಇದೆ, ಹೂಳೆತ್ತಲು ಕ್ರಿಯಾಯೋಜನೆ, ಅನುಮೋದನೆ, ಟೆಂಡರ್ ಆಗಬೇಕು, ಅಷ್ಟರಲ್ಲಿ ಮಳೆ ಬರುತ್ತದೆ.

ಕಸದ ವಿಷಯದಲ್ಲಿ ಮಾತ್ರ ಈ ಜಿಲ್ಲೆ ತಲೆ ಎತ್ತಿ ಹೇಳಬಹುದಾದ ಕೆಲಸ ಮಾಡಿದೆ, ಅದೂ ಪಟ್ಟಣಗಳಿಗಿಂತ ಮೊದಲು ಹಳ್ಳಿಗಳು. ಕುಂದಾಪುರದ ಆಚೆ ವಂಡ್ಸೆ ಗ್ರಾಮ ಪಂಚಾಯತ್ ಎಸ್‌ಎಲ್‌ಆರ್‌ಎಂ (ಘನ, ದ್ರವ ಸಂಪನ್ಮೂಲ ನಿರ್ವಹಣೆ) ಪದ್ಧತಿ ಹಿಡಿಯಿತು. ಕಸವನ್ನು ಮನೆಯಲ್ಲೇ ಬೇರೆ ಮಾಡಿಸಿ, ಮತ್ತೆ ಘಟಕದಲ್ಲಿ ಹತ್ತಾರು ಬಗೆಯಾಗಿ ಬಿಡಿಸಿ ಮಾರುವ ಕೆಲಸ ಅದು. ನೋಡಲು ಬೇರೆ ಜಿಲ್ಲೆಗಳಿಂದ ಬಸ್ಸು ಮಾಡಿಕೊಂಡು ಬಂದರು. ಆಮೇಲೆ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ನಿಭಾಯಿಸುವ ಎಂಆರ್‌ಎಫ್, ಅಂದರೆ ಒಣಕಸವನ್ನು ಬಗೆಬಗೆಯಾಗಿ ಬಿಡಿಸಿ ಮರುಬಳಕೆಗೆ ಕಳಿಸುವ ಘಟಕ ಬಂತು. ಹತ್ತಾರು ಪಂಚಾಯತ್‌ಗಳ ಒಣಕಸ ಅಲ್ಲಿಗೆ ಹೋಗುತ್ತದೆ. ಒಂದೊಂದು ಪಂಚಾಯತ್ ತನ್ನದೇ ಘಟಕ ಕಟ್ಟಿ, ಖರೀದಿದಾರ ಸಿಗದೆ ಪ್ಲಾಸ್ಟಿಕ್ ರಾಶಿ ಹಾಕಿಕೊಂಡು ಕೂರುವ ಬದಲು ಒಟ್ಟಾಗಿ ಮಾಡಿದರೆ ತೂಕ ಸಿಗುತ್ತದೆ, ತೂಕ ಇದ್ದಲ್ಲಿ ಬೆಲೆ ಸಿಗುತ್ತದೆ. ಸಣ್ಣ ಊರಿನ ಹಣಕಾಸಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಇದೇ ದಾರಿ ನೀರಿನ ಪಂಪ್ ರಿಪೇರಿಗೂ, ಶೌಚಗುಂಡಿ ಖಾಲಿ ಮಾಡುವ ವಾಹನಕ್ಕೂ, ಲೆಕ್ಕ ಬರೆಯುವ ಸಿಬ್ಬಂದಿಗೂ ಯಾಕಾಗಬಾರದು? ಅಕ್ಕಪಕ್ಕದ ಒಂದು ಪಟ್ಟಣ, ನಾಲ್ಕು ಗ್ರಾಮ ಪಂಚಾಯತ್ ಸೇರಿ ಒಬ್ಬ ಒಳ್ಳೆಯ ಎಂಜಿನಿಯರನ್ನು ಇಟ್ಟುಕೊಂಡರೆ ಐದು ಕಡೆ ಖಾಲಿ ಬಿದ್ದ ಹುದ್ದೆಗಿಂತ ಮೇಲು.

ಹಳ್ಳಿಗಳಲ್ಲಿ ಈ ಕೆಲಸ ನಿಂತಿರುವುದು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರ ಮೇಲೆ. ಕಸ ಒಯ್ಯುವ ಸ್ವಚ್ಛವಾಹಿನಿ ಗಾಡಿ ಓಡಿಸುವವರೂ ಅವರೇ, ಘಟಕದಲ್ಲಿ ಕಸ ಬಿಡಿಸುವವರೂ ಅವರೇ. ಸಂಜೀವಿನಿ ಗ್ರಾಮೀಣ ಜೀವನೋಪಾಯದ ಯೋಜನೆ. ಊರು ಪಟ್ಟಣವಾದರೆ ಒಕ್ಕೂಟದ ನೆಲೆಯೇ ಅಲುಗುತ್ತದೆ, ಅವರ ಜಾಗಕ್ಕೆ ಹೊರಗುತ್ತಿಗೆಯ ಟೆಂಡರ್ ಬರುತ್ತದೆ. ಪೌರಕಾರ್ಮಿಕರಾದರೋ 700 ಜನಕ್ಕೆ ಒಬ್ಬರಂತೆ ಎಂಬ ಲೆಕ್ಕ, 15 ಸಾವಿರದ ಊರಿಗೆ ಇಪ್ಪತ್ತೊಂದು ಜನ. ಗುಡ್ಡ, ತೋಟ, ಕಡಲ ದಡ ಎಲ್ಲ ಸೇರಿದ ಊರಿಗೆ ಇಪ್ಪತ್ತೊಂದು ಜನ. ಈ ಕೆಲಸ ಕೈಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ದೈವಸ್ಥಾನ, ಅಡಿಕೆ ತೋಟದ ಮೇಲೆ ಬಂದು ಕೂತಿತು. ಮನೆತೆರಿಗೆ ಉಳಿಸಿದೆವು, ಕಸದ ಶುಲ್ಕ ಕೊಡಲಿಲ್ಲ ಎಂದು ನಾವು ಲೆಕ್ಕ ಹಾಕುವಾಗ ಆ ತೋಟದವರ ನಷ್ಟವನ್ನು ಯಾವ ಸಾಲಿನಲ್ಲಿ ಬರೆಯುವುದು?

ತೆರಿಗೆ ಹೆಚ್ಚು ಕಟ್ಟಿ ಎಂದು ಹೇಳುವುದು ಸುಲಭವಲ್ಲ, ನಾನೂ ಕಟ್ಟುವವನೇ. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಕೌಂಟರ್ ಮುಂದೆ ಕ್ಯೂ ಇರುವುದೂ ಆ ತಿಂಗಳಲ್ಲೇ. ಆ ಕ್ಯೂವಿನಲ್ಲಿ ಸಿಗುವ ಮಾತು ಒಂದೇ: ‘ಕಟ್ಟಿ ಎಂತ ಸಿಗ್ತದೆ ಮಾರಾಯ್ರೆ?’ ಪ್ರಶ್ನೆ ನ್ಯಾಯದ್ದು. ಉತ್ತರ ಕೊಡಬೇಕಾದ ಕಾಗದಗಳೂ ಇವೆ. ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ ಒಂದು. ಎಷ್ಟು ಕಟ್ಟಡ ತೆರಿಗೆಯ ಪುಸ್ತಕದೊಳಗೇ ಬಂದಿಲ್ಲ ಎಂಬುದು ಇನ್ನೊಂದು: ಹೆದ್ದಾರಿ ಬದಿಯಲ್ಲಿ ಎದ್ದ ಹಾಲ್, ಶೋರೂಮ್, ಲಾಡ್ಜುಗಳ ಪಟ್ಟಿಯನ್ನು ತೆರಿಗೆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಸಣ್ಣ ಮನೆಯವರ ತೆರಿಗೆ ಏರಿಸದೆಯೇ ಎಷ್ಟು ಹಣ ಬರಬಹುದು ಎಂದು ಗೊತ್ತಾಗುತ್ತದೆ. ಹತ್ತು ಹದಿನೈದು ವರ್ಷದ ಹಿಂದಿನ ಬಾಡಿಗೆಯಲ್ಲೇ ಉಳಿದಿರುವ, ಒಳಬಾಡಿಗೆಗೆ ಹೋಗಿರುವ ಮಳಿಗೆಗಳ ಪಟ್ಟಿ ಮೂರನೆಯದು, ಅದನ್ನು ಮುಟ್ಟಲು ಯಾವ ಪಕ್ಷದವರಿಗೂ ಧೈರ್ಯ ಸಾಲದು. ಈ ಮೂರು ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದರೂ ಕ್ಯೂವಿನ ಮಾತು ಸ್ವಲ್ಪ ಬದಲಾದೀತು.

ಕಳೆದ ವರ್ಷ ನಮ್ಮ ಕಡೆಯ ಒಂದು ಪಟ್ಟಣದ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿದ್ದೆ. ಕುರ್ಚಿ ಅರವತ್ತು ಹಾಕಿದ್ದರು, ಸಿಬ್ಬಂದಿ ಬಿಟ್ಟರೆ ಬಂದವರು ಹನ್ನೊಂದು ಜನ. ದಾರಿದೀಪ, ಬೀದಿನಾಯಿ, ಹೆದ್ದಾರಿ ಸರ್ವಿಸ್ ರಸ್ತೆಯ ನೀರು ಎಂದು ಒಂದೊಂದೇ ಮಾತು ಬಂತು. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಕೃಷಿಕರೊಬ್ಬರು ಎದ್ದು, ಅವರ ಹೊಳೆಯ ಕಿಂಡಿ ಅಣೆಕಟ್ಟಿನ ವಿಷಯ ಎತ್ತಿದರು. ಮೊದಲು ಪಂಚಾಯತ್‌ನವರು ಊರವರನ್ನು ಸೇರಿಸಿ ಮಳೆ ನಿಂತ ಮೇಲೆ ಹಲಗೆ ಹಾಕಿಸುತ್ತಿದ್ದರಂತೆ. ಹಲಗೆ ಹಾಕಿದರೆ ಮೇಲಿನ ಮೂವತ್ತು ನಲವತ್ತು ಬಾವಿಗೆ ಮೇ ತನಕ ನೀರು, ಕೆಳಗಿನಿಂದ ಉಪ್ಪು ನೀರೂ ಏರುವುದಿಲ್ಲ. ಪಟ್ಟಣವಾದ ಮೇಲೆ ಎರಡು ವರ್ಷ ಹಲಗೆ ಬೀಳಲಿಲ್ಲ. ‘ಹಲಗಿ ಹಾಕುಕೆ ಈಗ ಯಾರನ್ ಕಾಂಬುದ್?’ ಎಂದು ಕೇಳಿದರು. ಮುಖ್ಯಾಧಿಕಾರಿ ಹೊಸಬರು, ಕೇಳಿಸಿಕೊಳ್ಳುವ ಮನಸ್ಸಿದ್ದವರು. ಬಜೆಟ್ ಪುಸ್ತಕ ಬಿಡಿಸಿ ನೀರು ಸರಬರಾಜಿನ ಪುಟ ನೋಡಿದರು, ಅಲ್ಲಿ ಪೈಪು, ಪಂಪು, ಟ್ಯಾಂಕರ್ ಇತ್ತು. ಚರಂಡಿಯ ಪುಟ ನೋಡಿದರು. ಲೆಕ್ಕಪತ್ರ ವಿಭಾಗದವರನ್ನು ಕರೆದು ಇಬ್ಬರೂ ಸೇರಿ ಇನ್ನೆರಡು ಪುಟ ಹುಡುಕಿದರು. ಹಲಗೆಗೆ ಎಷ್ಟು ಬೇಕಾಗಬಹುದು ಎಂದು ಕೇಳಿದರು. ಆ ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿ, ಹಲಗೆ ಹಳೆಯದೇ ಇದೆ, ಹಾಕುವ ಕೂಲಿ, ನಡುವೆ ತುಂಬುವ ಮಣ್ಣು ಎಲ್ಲ ಸೇರಿ ಇಪ್ಪತ್ತು ಸಾವಿರ ಸಾಕು ಎಂದರು. ಆ ದಿನ ಟ್ಯಾಂಕರ್ ನೀರಿನ ಶೀರ್ಷಿಕೆಯಲ್ಲಿ ಬರೆದಿದ್ದ ಅಂಕಿ ಎಂಟು ಲಕ್ಷ. ಮುಖ್ಯಾಧಿಕಾರಿ ಅದರ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿ, ‘ಕಿಂಡಿ ಅಣೆಕಟ್ಟು, ಹಲಗೆ’ ಎಂದು ಬರೆದು, ಮುಂದೆ ಮೊತ್ತದ ಜಾಗ ಬಿಟ್ಟರು.